ಬೆಟ್ಟದ ತುದಿಯ ಸಿಗ್ನಲ್

ನಮಸ್ಕಾರ.

2020ರ ಮಳೆಗಾಲ ನೆನಪಿದೆ ಅಲ್ವಾ? ಶಾಲೆ ಕಾಲೇಜು ಎಲ್ಲ ಮೊಬೈಲಿನೊಳಗೆ ಹೊಕ್ಕಿದ್ದ ವರ್ಷ. ಶಿರಸಿ ಹತ್ತಿರದ ನಮ್ಮ ಊರಲ್ಲಿ ಸಿಗ್ನಲ್ ಬೇಕು ಅಂದರೆ ಮನೆ ಹಿಂದಿನ ಬೆಟ್ಟ ಹತ್ತಬೇಕಿತ್ತು. ಅಲ್ಲೊಂದು ನೇರಳೆ ಮರ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಹೋದರೆ ಅದೂ ಇಲ್ಲ. ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಲಿನ ಉಂಬಳ ಕೀಳುತ್ತಾ ಊರಿನ ಹುಡುಗರೆಲ್ಲ ಅಲ್ಲೇ ಪಾಠ ಕೇಳಿದ್ದು.

ಅದೇ ಮಳೆಗಾಲದಲ್ಲಿ ನಾನು ‘ಎ ಶಾರ್ಟ್ ಹೈಕ್’ ಎಂಬ ವಿಡಿಯೋ ಗೇಮ್ ಆಡಿದೆ. ಕ್ಲೇರ್ ಅಂತ ಒಂದು ಹಕ್ಕಿ ಹುಡುಗಿ. ರಜೆಗೆ ಒಂದು ದ್ವೀಪಕ್ಕೆ ಬಂದಿದ್ದಾಳೆ. ಯಾವುದೋ ಮುಖ್ಯ ಫೋನಿಗೆ ಕಾಯುತ್ತಿದ್ದಾಳೆ. ಅಲ್ಲಿ ಸಿಗ್ನಲ್ ಇಲ್ಲ, ಬೆಟ್ಟದ ತುದಿಗೆ ಹೋದರೆ ಮಾತ್ರ ಸಿಗುತ್ತದೆ. ಕಥೆ ಅಷ್ಟೇ. ನಾನು ಆಡುತ್ತಾ ಕೂತಲ್ಲೇ ನಕ್ಕುಬಿಟ್ಟೆ. ಇದು ನಮ್ಮ ನೇರಳೆ ಮರದ ಕಥೆ!

ಬಂಗಾರದ ಗರಿ ಸಿಕ್ಕಷ್ಟೂ ಅವಳು ಜಾಸ್ತಿ ಎತ್ತರ ಹತ್ತಬಲ್ಲಳು. ಗರಿ ಹುಡುಕುತ್ತಾ ಹೋದರೆ ದಾರಿಯಲ್ಲಿ ಯಾರೋ ಚಿಪ್ಪು ಆರಿಸಿಕೊಡು ಅನ್ನುತ್ತಾರೆ, ಇನ್ಯಾರದೋ ತಲೆಪಟ್ಟಿ ಕಳೆದುಹೋಗಿದೆ. ಮಾಡಬಹುದು, ಬಿಡಬಹುದು. ಯಾರೂ ಅವಸರ ಮಾಡುವುದಿಲ್ಲ. ತುದಿಯಲ್ಲಿ ಬರುವ ಫೋನ್ ಯಾರದ್ದು ಅಂತ ನಾನು ಹೇಳುವುದಿಲ್ಲ. ಅದು ಮುಗಿದ ಮೇಲೆ ರೆಕ್ಕೆ ಬಿಚ್ಚಿ ಕೆಳಗಿಳಿಯುವಾಗ ನನ್ನ ಕಣ್ಣು ತುಂಬಿತ್ತು. ಕೆನಡಾದ ಆಡಮ್ ರಾಬಿನ್ಸನ್-ಯು ಇದನ್ನು ಹೊರತಂದದ್ದು 2019ರಲ್ಲಿ. ಸುಮಾರು ಎರಡು ತಾಸಿನ ಆಟ. ಹಳೆ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಯಾವತ್ತೂ ಗೇಮ್ ಮುಟ್ಟದವರಿಗೆ ನಾನು ಮೊದಲು ಕೊಡುವುದು ಇದನ್ನೇ.

ದೊಡ್ಡ ಕಂಪನಿಯ ದುಡ್ಡಿಲ್ಲದೆ ಒಬ್ಬರೋ ನಾಲ್ಕಾರು ಜನವೋ ಸೇರಿ ಮಾಡುವ ಆಟಕ್ಕೆ ಇಂಡಿ ಗೇಮ್ ಅನ್ನುತ್ತಾರೆ. ಅದರಲ್ಲಿ ಗಡಿಬಿಡಿ ಇಲ್ಲದ, ಮನಸ್ಸಿಗೆ ಹಿತ ಅನಿಸುವ ಬಗೆಗೆ ಕೋಜಿ ಗೇಮ್ ಅಂತ ಹೆಸರು. ಇವುಗಳನ್ನು ತೂಗಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ಆಟ ಕಟ್ಟಿದವರು ತಾವು ತೋರಿಸುವ ಕೆಲಸವನ್ನು ಹತ್ತಿರ ಕೂತು ನೋಡಿದ್ದಾರಾ?

‘ಸ್ಟಾರ್‌ಡ್ಯೂ ವ್ಯಾಲಿ’ ತೆಗೆದುಕೊಳ್ಳಿ. 2016ರಲ್ಲಿ ಬಂತು. ಅಮೆರಿಕದ ಎರಿಕ್ ಬ್ಯಾರೋನ್ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಚಿತ್ರ, ಸಂಗೀತ, ಕಥೆ ಎಲ್ಲ ಒಬ್ಬರೇ ಮಾಡಿದರು. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಪಟ್ಟಣದ ಕೆಲಸ ಬಿಟ್ಟು ಅಜ್ಜನ ಜಮೀನಿಗೆ ಬರುವುದು, ಕಳೆ ಕಿತ್ತು ಬೀಜ ಹಾಕುವುದು, ಊರಿನವರ ಜೊತೆ ಬಳಕೆ ಬೆಳೆಸುವುದು. ನಾಲ್ಕು ಕಾಲ, ಒಂದೊಂದಕ್ಕೆ 28 ದಿನ. ಬೆದರುಬೊಂಬೆ ಇಡದಿದ್ದರೆ ಕಾಗೆ ಬೆಳೆ ತಿನ್ನುತ್ತದೆ. ಮಳೆ ಬಂದ ದಿನ ನೀರು ಹಾಕುವ ಕೆಲಸ ಇಲ್ಲ. ಆ ಬಿಡುವಿನಲ್ಲಿ ಹೊಳೆಗೆ ಹೋದರೆ ಮಳೆಯಲ್ಲಿ ಮಾತ್ರ ಸಿಗುವ ಮೀನು ಹಿಡಿಯಬಹುದು.

ಒಂದು ರಾತ್ರಿ ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ಪರದೆ ಮೇಲೆ ಜಡಿಮಳೆ. ಸ್ವಲ್ಪ ಹೊತ್ತು ನೋಡಿ ಕೇಳಿದರು, “ಕೂಸೇ, ಇಷ್ಟ್ ಮಳೆ ಬಂದ್ರೂ ಕೊಳೆ ಬತ್ತಿಲ್ಯ?”

ಕೊಳೆ ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಅಡಿಕೆ ತೋಟ ಇದ್ದವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಒಂದು ಸಲ ಮದ್ದು ಹೊಡೆಸಬೇಕು. ಒಂದೂವರೆ ತಿಂಗಳಿಗೆ ಇನ್ನೊಂದು ಸಲ. ಅಷ್ಟರಲ್ಲಿ ಮಳೆ ಬಿಟ್ಟು ಹೊಳವಾಗದಿದ್ದರೆ ಮರ ಹತ್ತುವ ಹಾಗಿಲ್ಲ. ಎಳೆ ಕಾಯಿ ಬುಡಕ್ಕೆ ಉದುರುವುದನ್ನು ನೋಡುತ್ತಾ ಕೂರಬೇಕು. ಸ್ಟಾರ್‌ಡ್ಯೂನಲ್ಲಿ ಮಳೆ ಬರೀ ಉಪಕಾರಿ. ಪಾರ್ಸ್ನಿಪ್ ಅಂತ ಬಿಳಿ ಕ್ಯಾರೆಟ್ ಥರದ ಗೆಡ್ಡೆ ನಾಲ್ಕೇ ದಿನಕ್ಕೆ ಬರುತ್ತದೆ. ಮೀನಿನ ವಿಷಯವೂ ಹಾಗೇ. ನಾನೀಗ ಇರುವ ಕಾರವಾರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ ಅಂತ. ಆಟದ ಹೊಳೆ ಎಷ್ಟು ಹಿಡಿದರೂ ಬರಿದಾಗುವುದಿಲ್ಲ. ಇಷ್ಟಾದರೂ ಈ ಆಟ ನನಗೆ ತುಂಬಾ ಇಷ್ಟ. ಬೆಳಗ್ಗೆ ಎದ್ದು ತೋಟ ಒಂದು ಸುತ್ತು ನೋಡಿ ಬರುವ ಖುಷಿ ಇದೆಯಲ್ಲ, ಅದನ್ನು ಅವರು ಸರಿಯಾಗಿ ಹಿಡಿದಿದ್ದಾರೆ.

ಬರ್ಲಿನ್ನಿನ ವಿದ್ಯಾರ್ಥಿಗಳು ಮಾಡಿದ ‘ಡಾರ್ಫ್‌ರೊಮ್ಯಾಂಟಿಕ್’ ಕೂಡ ಚಂದ. ಆರು ಮೂಲೆಯ ಬಿಲ್ಲೆಗಳನ್ನು ಕಾಡಿಗೆ ಕಾಡು, ಹೊಳೆಗೆ ಹೊಳೆ ಸೇರಿಸಿ ಇಡುತ್ತಾ ಹೋಗುವುದು. ತಲೆ ತಣ್ಣಗಾಗುತ್ತದೆ. ಆದರೆ ಎದ್ದು ಬಂದ ಮೇಲೆ ನೆನಪಿನಲ್ಲಿ ಏನೂ ಉಳಿಯಲಿಲ್ಲ.

‘ಅನ್‌ಪ್ಯಾಕಿಂಗ್’ ಉಳಿಯಿತು. ಆಸ್ಟ್ರೇಲಿಯಾದ್ದು, 2021ರದ್ದು. ಒಬ್ಬ ಹುಡುಗಿ 1997ರಿಂದ 2018ರವರೆಗೆ ಎಂಟು ಸಲ ಮನೆ ಬದಲಿಸುತ್ತಾಳೆ. ಪೆಟ್ಟಿಗೆ ಬಿಚ್ಚಿ ಸಾಮಾನು ಇಡುವುದೇ ಆಟ. ಮಾತೇ ಇಲ್ಲ. ಒಂದು ಮನೆಯಲ್ಲಿ ಗೆಳೆಯನ ಸಾಮಾನೇ ತುಂಬಿದೆ. ಅವಳ ಡಿಗ್ರಿ ಸರ್ಟಿಫಿಕೇಟಿನ ಚೌಕಟ್ಟಿಗೆ ಗೋಡೆಯಲ್ಲಿ ಜಾಗ ಇಲ್ಲ. ಎಲ್ಲಿಟ್ಟರೂ ಆಟ ಒಪ್ಪುವುದಿಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಆ ಸಂಬಂಧ ಏನಾಗುತ್ತದೆ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಇದರಲ್ಲಿ ಸದ್ದುಗಳೇ 14 ಸಾವಿರ. ಪುಸ್ತಕ ಮರದ ಮೇಲೆ ಇಟ್ಟರೆ ಒಂದು ಸದ್ದು, ಹಾಸಿಗೆ ಮೇಲೆ ಇಟ್ಟರೆ ಇನ್ನೊಂದು. ಕಾರವಾರದ ಬಾಡಿಗೆ ಕೋಣೆಯಲ್ಲಿ ಅಪ್ಪೆಮಿಡಿ ಭರಣಿ ಎಲ್ಲಿಡಲಿ ಅಂತ ಸುತ್ತು ಹೊಡೆದ ದಿನ ನನಗೆ ಈ ಆಟವೇ ನೆನಪಾಯಿತು.

ಕೊನೆಯದು ‘ವೆಣ್ಬಾ’. ಟೊರೊಂಟೊದ ಪುಟ್ಟ ತಂಡದ್ದು, 2023ರದ್ದು. ‘ಎ ಶಾರ್ಟ್ ಹೈಕ್’ಗೆ 2020ರ ಇಂಡಿ ಗೇಮ್ ಹಬ್ಬದಲ್ಲಿ ಸಿಕ್ಕ ದೊಡ್ಡ ಬಹುಮಾನವೇ 2024ರಲ್ಲಿ ಇದಕ್ಕೂ ಸಿಕ್ಕಿತು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಸಂಸಾರ. ತಾಯಿಮನೆಯಿಂದ ತಂದ ಅಡುಗೆ ಪುಸ್ತಕದ ಅಕ್ಷರ ಅಲ್ಲಲ್ಲಿ ಅಳಿಸಿದೆ. ಅಳಿಸಿದ್ದನ್ನು ನಾವು ಊಹಿಸಿ ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಆವಿ ಎಲ್ಲ ಕಡೆ ಹಾಯುವ ಹಾಗೆ ಹೊಂದಿಸಬೇಕು. ಇಡ್ಲಿ ಬೇಯಿಸಿ ಗೊತ್ತಿದ್ದವರೇ ಬರೆದದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಕೊರಗು ಒಂದೇ, ಬೇಗ ಮುಗಿದುಹೋಯಿತು.

ಅದನ್ನು ಮುಗಿಸಿದ ದಿನದಿಂದ ನನ್ನ ತಲೆಯಲ್ಲಿ ನಮ್ಮ ಕಡೆಯ ಸಿಹಿ ತಿಂಡಿ ತೊಡೆದೇವು ಸುತ್ತುತ್ತಿದೆ. ಬೆಂಕಿ ಮೇಲೆ ಬೋರಲು ಹಾಕಿದ ಮಡಕೆ. ಅಕ್ಕಿ ರುಬ್ಬಿ ಕಬ್ಬಿನ ಹಾಲಿಗೆ ಕಲಸಿದ ನೀರು ಹಿಟ್ಟು. ಅದರಲ್ಲಿ ಬಟ್ಟೆ ಅದ್ದಿ ಮಡಕೆ ಮೇಲೆ ಒಂದೇ ಸಲಕ್ಕೆ ಎಳೆಯಬೇಕು. ಮಡಕೆ ಕಾವು ಸಾಲದಿದ್ದರೆ ಅಂಟಿಕೊಳ್ಳುತ್ತದೆ, ಜಾಸ್ತಿಯಾದರೆ ಕರಟುತ್ತದೆ. ಸರಿ ಇದ್ದರೆ ಕಾಗದದ ಹಾಗೆ ಎದ್ದು ಬರುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ಕಾವು ಬಂತೋ ಇಲ್ಲವೋ ಅಂತ ಆಯಿ, ಅಂದರೆ ನನ್ನ ಅಮ್ಮ, ಕಣ್ಣಿಂದ ನೋಡುವುದಿಲ್ಲ. ನಾಲ್ಕು ಹನಿ ನೀರು ಚಿಮುಕಿಸಿ, ತಲೆ ಓರೆ ಮಾಡಿ ಸದ್ದು ಕೇಳುತ್ತಾಳೆ.

ಜಿಲ್ಲೆಯಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಆಟ ಮಾಡುತ್ತೇನೆ ಅಂದರೆ ಆಲೆಮನೆ ಶುರುವಾದ ಮೇಲೆ ನಮ್ಮ ಮನೆಗೆ ಬನ್ನಿ. ಮಡಕೆ ಇದೆ, ಕಬ್ಬಿನ ಹಾಲು ಇದೆ. ಒಂದು ಮೈಕ್ ತನ್ನಿ. ಆ ನಾಲ್ಕು ಹನಿಯ ಸದ್ದು ಹಿಡಿಯಬೇಕು.

ನಮಸ್ಕಾರ.