ಕಡಲಿಲ್ಲದ ಜಿಲ್ಲೆಯ ಮಕ್ಕಳು ಮತ್ತು ಕಡಲಿನ ಅರಿವು

ಶಿಕ್ಷಕ ಬಂಧುಗಳೇ, ಪೋಷಕರೇ,

ಹದಿಹರೆಯದವರಿಗೆ ಸಮುದ್ರದ ಬಗ್ಗೆ ಏನು ಗೊತ್ತು, ಅದರ ಕುರಿತು ಅವರ ಮನೋಭಾವ ಎಂಥದು ಎಂಬ ಪ್ರಶ್ನೆಯನ್ನು ನಮ್ಮ ಕೊಡಗಿನ ಮಡಿಕೇರಿಯಲ್ಲಿ ಎತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮ ರಾಜ್ಯದಲ್ಲಿ ಕರಾವಳಿ ಇರುವುದು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಮಾತ್ರ. ಆದರೆ ಕಡಲು ದೂರವಿರುವುದರಿಂದಲೇ ನಮ್ಮ ಮಕ್ಕಳಿಗೆ ಅದರ ಅರಿವು ಕಡಿಮೆ ಎಂಬ ವಾದವನ್ನು ನಾನು ಒಪ್ಪಲಾರೆ.

ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ಅವಧಿಯನ್ನು ಸಾಗರ ವಿಜ್ಞಾನದ ದಶಕವೆಂದು ಸಾರಿದೆ. ಈ ಸಂದರ್ಭದಲ್ಲಿ ಹೆಚ್ಚಾಗಿ ಕೇಳಿಬರುವ ಸಾಗರ ಸಾಕ್ಷರತೆಯೆಂದರೆ ಸಮುದ್ರ ನಮ್ಮ ಮೇಲೆ, ನಾವು ಸಮುದ್ರದ ಮೇಲೆ ಬೀರುವ ಪ್ರಭಾವದ ತಿಳಿವಳಿಕೆ. ನಮ್ಮ ಪ್ರೌಢಶಾಲೆಯ ಹುಡುಗನಿಗೆ ಭೂಮಿಯ ಮೇಲ್ಮೈಯ ಶೇ. 71ರಷ್ಟು ಭಾಗ ನೀರು ಎಂಬುದು ಬಾಯಿಪಾಠವಾಗಿರುತ್ತದೆ. ಉಳಿದದ್ದು ಮೊಬೈಲಿನ ತಿಮಿಂಗಿಲ ವಿಡಿಯೊಗಳಿಂದ, ಮತ್ತೆ ಮಲ್ಪೆಗೋ ಮುರುಡೇಶ್ವರಕ್ಕೋ ಹೋದ ಶಾಲಾ ಪ್ರವಾಸದಿಂದ ಬಂದದ್ದು. ಆ ಪ್ರವಾಸದಲ್ಲಿಯೂ ಅವನು ಹೆಚ್ಚು ಕೇಳಿಸಿಕೊಳ್ಳುವುದು ಮೇಷ್ಟ್ರ ಸೀಟಿಯನ್ನೇ. ಆ ಎಚ್ಚರಿಕೆ ಬೇಕು, ತಪ್ಪಲ್ಲ. ಆದರೆ ಕಡಲೆಂದರೆ ಮೋಜು ಇಲ್ಲವೇ ಭಯ ಎಂಬಲ್ಲಿಗೇ ಅವನ ಮನೋಭಾವ ನಿಂತುಬಿಡುತ್ತದೆ.

ಮನೆಯಲ್ಲೇ ಇರುವ ಕಡಲನ್ನು ಯಾರೂ ಅವನಿಗೆ ತೋರಿಸಿಕೊಡುವುದಿಲ್ಲ. ನಮ್ಮ ಅನೇಕ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕವಿದೆ. ಇಷ್ಟು ಇಂಚು, ಇಷ್ಟು ಸೆಂಟು ಎಂದು ಅಜ್ಜನ ಕಾಲದಿಂದಲೂ ತುಂಬಿಸುತ್ತ ಬಂದ ಆ ಪುಟಗಳಲ್ಲಿ ಜೂನ್, ಜುಲೈಗಳ ಅಂಕಣವೆಲ್ಲ ಬಹುಪಾಲು ಅರಬ್ಬಿ ಸಮುದ್ರದ ಕಡೆಯಿಂದ ಬೀಸಿದ ಗಾಳಿ ಹೊತ್ತು ತಂದ ತೇವಾಂಶದ ಲೆಕ್ಕವೇ ಆಗಿದೆ. ಅದೇ ಎರಡು ತಿಂಗಳು, ಅಂದರೆ ಜೂನ್ 1ರಿಂದ ಜುಲೈ 31ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಗೆ ತಾಯಿಯೊಂದಿಗೆ ಹೋಗುವ ಹುಡುಗಿ ಆಗ ಹಸಿ ಬಂಗುಡೆಯ ಬೆಲೆ ಏರಿದ್ದನ್ನೂ ಒಣಮೀನಿಗೆ ಗಿರಾಕಿ ಹೆಚ್ಚಿದ್ದನ್ನೂ ಗಮನಿಸಿರುತ್ತಾಳೆ. ಮಳೆಪುಸ್ತಕ ಮತ್ತು ಮೀನಿನ ಬುಟ್ಟಿ ಎರಡೂ ಒಂದೇ ಕಡಲಿನ ವಿಷಯವನ್ನು ಹೇಳುತ್ತಿವೆ ಎಂದು ಅವಳಿಗೆ ತಿಳಿಸುವವರಿಲ್ಲ. 2018ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದದ್ದನ್ನು ಚಿಕ್ಕಂದಿನಲ್ಲಿ ಕಂಡ ಪೀಳಿಗೆಗೆ, ಅರಬ್ಬಿ ಸಮುದ್ರದ ಮೇಲ್ಮೈ ಬಿಸಿಯಾಗುತ್ತಿದೆ ಎಂಬ ಸಂಗತಿ ದೂರದ ಸುದ್ದಿಯಾಗಿ ಉಳಿಯಬಾರದು.

ಇನ್ನು, ತಿಳಿವಳಿಕೆ ಬಂದ ಮಾತ್ರಕ್ಕೆ ನಡತೆ ಬದಲಾಗುವುದಿಲ್ಲ. ಪ್ಲಾಸ್ಟಿಕ್ ನುಂಗಿದ ಆಮೆಯ ಚಿತ್ರ ಕಂಡು ಮಕ್ಕಳು ಮರುಗುತ್ತಾರೆ, ಮರುಕ್ಷಣ ಬೆರಳು ಮುಂದಕ್ಕೆ ಸರಿಸುತ್ತಾರೆ, ಏಕೆಂದರೆ ತಮ್ಮ ಕೈಯಲ್ಲಿ ಏನಾದರೂ ಇದೆ ಎಂಬ ನಂಬಿಕೆ ಅವರಿಗಿಲ್ಲ. ಹಾಗೆಂದು ಕುಶಾಲನಗರದ ಕಾವೇರಿ ಹೊಳೆಗೆ ಬಿದ್ದ ಪ್ರತಿ ಕವರೂ ಸಮುದ್ರ ಸೇರುತ್ತದೆಂದು ಹೆದರಿಸುವುದು ಪ್ರಾಮಾಣಿಕವಲ್ಲ. ಕಾವೇರಿ ಬಂಗಾಳ ಕೊಲ್ಲಿ ಮುಟ್ಟುವ ಮೊದಲು ಹಲವು ಅಣೆಕಟ್ಟುಗಳಿವೆ, ಬಹಳಷ್ಟು ಕಸ ಅಲ್ಲಲ್ಲೇ ನಿಲ್ಲುತ್ತದೆ. ಆದರೆ ಪಶ್ಚಿಮಕ್ಕಿಳಿಯುವ ಬಾರಪೊಳೆ ಮತ್ತು ಪಯಸ್ವಿನಿ ಕಡಿಮೆ ದೂರದ, ಕಡಿದಾದ ಹಾದಿಯಲ್ಲಿ ಕೇರಳದ ಮೂಲಕ ಅರಬ್ಬಿ ಸಮುದ್ರದ ಕಡೆಗೆ ಹರಿಯುತ್ತವೆ.

ಆದ್ದರಿಂದ ಪರೀಕ್ಷೆಯಲ್ಲಿ ಶೇಕಡಾವಾರು ಕೇಳುವ ಬದಲು, ನಿಮ್ಮ ಮನೆಯ ಹೆಂಚಿನಿಂದ ಇಳಿದ ನೀರು ಯಾವ ಹೊಳೆಗೆ, ಯಾವ ಕಡಲಿಗೆ ಹೋಗುತ್ತದೆ ಎಂದು ಕೇಳಿ ನೋಡಿ. ವಿರಾಜಪೇಟೆಯ ಕಡೆಯ ಶಾಲೆಗಳಲ್ಲಿ ಒಂದೇ ಬೆಂಚಿನ ಇಬ್ಬರು ಬೇರೆ ಬೇರೆ ಸಮುದ್ರದ ಹೆಸರು ಬರೆದು, ಇಬ್ಬರೂ ಪೂರ್ಣ ಅಂಕ ಪಡೆಯಬಹುದು.