ರಿಪೋರ್ಟು ನಾರ್ಮಲ್, ಸುಸ್ತು ಹಾಗೇ

ನಮಸ್ಕಾರ. ಹೋದ ವರ್ಷವೆಲ್ಲ ನಮ್ಮಕ್ಕ ಹೇಳಿದ್ದು ಒಂದೇ ಮಾತು. "ಏಳುವಾಗಲೇ ಸುಸ್ತು ಕಣೇ." ಎಂಟು ಗಂಟೆ ಮಲಗಿದರೂ ಅಷ್ಟೇ. ಒಂದು ಮಹಡಿ ಹತ್ತಿದರೆ ಏದುಸಿರು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಕ್ಲಿನಿಕ್ಕಿಗೆ ಹೋದಳು. ಹಿಮೋಗ್ಲೋಬಿನ್ 12.2 ಬಂತು. "ನಾರ್ಮಲ್ ಇದೆ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಅಂತ ಕಳಿಸಿದರು. ಹೆಂಗಸರು ಸುಸ್ತು ಅಂದರೆ ಟೆನ್ಷನ್ ಅನ್ನೋ ಉತ್ತರ ಎಷ್ಟು ಸಲೀಸು, ಅಲ್ವಾ?

ನನ್ನ ತಕರಾರು ಆ 'ನಾರ್ಮಲ್' ಮೇಲೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಇಳಿದರೆ ರಕ್ತಹೀನತೆ. ಸರಿ. ಆದರೆ ಕಬ್ಬಿಣ ಕಡಿಮೆಯಾದ ಕೂಡಲೇ ಹಿಮೋಗ್ಲೋಬಿನ್ ಇಳಿಯುವುದಿಲ್ಲ. ದೇಹ ಮೊದಲು ಕೂಡಿಟ್ಟಿದ್ದನ್ನು ತೆಗೆದು ಬಳಸುತ್ತದೆ. ಅಡುಗೆಮನೆ ಡಬ್ಬಿಯಲ್ಲಿ ಅಕ್ಕಿ ಇದೆ, ಒಳಕೋಣೆಯ ಮೂಟೆ ಖಾಲಿ. ಆ ಮೂಟೆಯ ಲೆಕ್ಕ ಹೇಳುವುದು ಫೆರಿಟಿನ್ ಅನ್ನೋ ರಕ್ತ ಪರೀಕ್ಷೆ. ಅಕ್ಕನದ್ದು 9 ಇತ್ತು. 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 30ರ ಕೆಳಗೇ ಎಚ್ಚರವಾಗುವ ಡಾಕ್ಟರೂ ಇದ್ದಾರೆ.

ಕಬ್ಬಿಣ ಬರೀ ರಕ್ತಕ್ಕೆ ಅಂದುಕೊಂಡಿದ್ದೇವೆ. ಸ್ನಾಯುಗಳಿಗೂ ಬೇಕು, ಜೀವಕೋಶ ಶಕ್ತಿ ತಯಾರಿಸೋದಕ್ಕೂ ಬೇಕು. 2012ರಲ್ಲಿ ಫ್ರಾನ್ಸಿನ ಒಂದು ಅಧ್ಯಯನ ಬಂತು. ರಕ್ತಹೀನತೆ ಇಲ್ಲದ, ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ, ಸುಸ್ತಿನಿಂದ ಬಳಲುತ್ತಿದ್ದ 198 ಹೆಂಗಸರು. 12 ವಾರ ಕಬ್ಬಿಣ ತೆಗೆದುಕೊಂಡವರ ಸುಸ್ತಿನ ಅಂಕ ಸುಮಾರು 48% ಇಳಿಯಿತು. ಸುಮ್ನೆ ಹುಸಿ ಮಾತ್ರೆ ನುಂಗಿದವರದ್ದೂ 29% ಇಳಿಯಿತು, ಅದನ್ನೂ ಹೇಳಬೇಕು. ಎಲ್ಲ ಸುಸ್ತೂ ಕಬ್ಬಿಣದ್ದಲ್ಲ. ಥೈರಾಯ್ಡ್ ಇರಬಹುದು, ಬಿ12 ವಿಟಮಿನ್ ಕೊರತೆ ಇರಬಹುದು.

ಇನ್ನು ನಮ್ಮ ಊಟ. ಸೊಪ್ಪಿನ ಸಾರು, ರಾಗಿ ಮುದ್ದೆ ತಿಂತೀವಲ್ಲ ಅಂತೀರಾ. ನಿಜ, ಆದರೆ ಕಾಳು, ಸೊಪ್ಪು, ರಾಗಿಯ ಕಬ್ಬಿಣ ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದರ ಮೇಲೆ ಕೈ ತೊಳೆದ ಕೂಡಲೇ ಒಂದು ಲೋಟ ಕಾಫಿ! ಕಾಫಿ, ಟೀ ಎರಡೂ ಕಬ್ಬಿಣವನ್ನು ತಡೆಯುತ್ತವೆ. ಕಾಫಿ ಬಿಡಿ ಅಂತ ನಾನು ಹೇಳೋದಿಲ್ಲ, ನನಗೇ ಆಗೋದಿಲ್ಲ. ಒಂದು ಗಂಟೆ ತಡ ಮಾಡಿ, ಸಾಕು. ಅದೇ ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರೆ ಉಲ್ಟಾ, ಕಬ್ಬಿಣ ಜಾಸ್ತಿ ಸೇರುತ್ತದೆ. ಅಜ್ಜಿಯರಿಗೆ ವಿಟಮಿನ್ ಸಿ ಗೊತ್ತಿರಲಿಲ್ಲ, ಆದರೂ ಹಿಂಡುತ್ತಿದ್ದರು.

ಇದನ್ನು ಕೇಳಿ ಮೆಡಿಕಲ್ ಸ್ಟೋರಿಗೆ ಓಡಬೇಡಿ. ಥಲಸೀಮಿಯಾ ಮೈನರ್ ಅಂತ, ಹುಟ್ಟಿನಿಂದಲೇ ಬರುವ ರಕ್ತದ ಒಂದು ತೊಂದರೆ ಇರುವವರಿಗೂ ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ, ಕಬ್ಬಿಣ ಸಾಕಷ್ಟಿರಬಹುದು. ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಗಂಡಸರಿಗೆ, ಮುಟ್ಟು ನಿಂತವರಿಗೆ ಕೊರತೆ ಬಂದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ ಅನ್ನುತ್ತದೆ. ಆ ಲೆಕ್ಕ ಹಿಮೋಗ್ಲೋಬಿನ್ ನೋಡಿ ಮಾಡಿದ್ದು. ಅಕ್ಕ ಅದರಲ್ಲಿ ಸೇರುವುದೇ ಇಲ್ಲ, ಅವಳು 'ನಾರ್ಮಲ್'.

ಫೆರಿಟಿನ್ ಬರೆದುಕೊಟ್ಟಿದ್ದು ಎರಡನೇ ಡಾಕ್ಟರು. ಅವರು ಮೊದಲು ಕೇಳಿದ್ದೇ, ಮುಟ್ಟು ಎಷ್ಟು ದಿನ ಅಂತ. ಒಂಬತ್ತು ದಿನ, ಅಂದಳು ಅಕ್ಕ. ಹೊರಗೆ ಬಂದಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಎಲ್ಲರಿಗೂ ಅಷ್ಟೇ ದಿನ ಅಲ್ವೇನೇ?"