56 ಸುರುಳಿ, 44 ಸಾವಿರ ಡಾಲರ್

ಕೇಳುಗರಿಗೆ ನಮಸ್ಕಾರ.

ಹಳೆಯ ಕನ್ನಡ ಸಿನಿಮಾಗಳ ಟೈಟಲ್ ಕಾರ್ಡು ನೆನಪಿಸಿಕೊಳ್ಳಿ. ದೊಡ್ಡವರ ಹೆಸರೆಲ್ಲ ಮುಗಿದ ಮೇಲೆ 'ಮಾಸ್ಟರ್' ಇಂಥವನು, 'ಬೇಬಿ' ಇಂಥವಳು ಎಂದು ಬರುತ್ತಿತ್ತು. ಬೇಬಿ ಇಂದಿರಾ, ಬೇಬಿ ಶಾಮಿಲಿ ಅಂದರೆ ಈಗಲೂ ಮುಖ ಕಣ್ಣಿಗೆ ಕಟ್ಟುತ್ತದೆ. ಇವತ್ತಿನ ಮಾತು ಅವರಿಗೂ ಮೊದಲು, ಇಡೀ ಹಾಲಿವುಡ್ಡಿಗೇ ಬೇಬಿಯಾಗಿದ್ದ ಶರ್ಲಿ ಟೆಂಪಲ್ ಬಗ್ಗೆ.

ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಅಪ್ಪ ಜಾರ್ಜ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಅಮ್ಮ ಗರ್ಟ್ರೂಡ್ ಮಗಳನ್ನು ಮೂರು ವರ್ಷಕ್ಕೇ ಡಾನ್ಸ್ ಶಾಲೆಗೆ ಹಾಕಿದರು. 1932ರಲ್ಲಿ, ಪುಟಾಣಿಗಳ ಕೈಲಿ ದೊಡ್ಡವರ ಸಿನಿಮಾಗಳನ್ನು ಅಣಕಿಸುವ ಕಿರುಚಿತ್ರಗಳಿಂದ ಅವಳ ಕೆಲಸ ಶುರುವಾಯಿತು. ಆ ಸೆಟ್ಟಿನಲ್ಲಿ ಹಟ ಮಾಡಿದ ಮಕ್ಕಳನ್ನು ಒಂದು ಕಪ್ಪು ಪೆಟ್ಟಿಗೆಯಂಥ ಕೋಣೆಗೆ ಕಳಿಸುತ್ತಿದ್ದರು. ಒಳಗೆ ಕೂರಲು ಇದ್ದದ್ದು ಮಂಜುಗಡ್ಡೆಯ ದಿಮ್ಮಿ. ಶರ್ಲಿಯೇ ದೊಡ್ಡವಳಾದ ಮೇಲೆ ಇದನ್ನು ಬರೆದಿದ್ದಾರೆ. 'ಮಗು ಎಷ್ಟು ಚೂಟಿ, ಹೇಳಿದ ಹಾಗೆ ಕೇಳುತ್ತೆ' ಎಂದು ಥಿಯೇಟರಿನಲ್ಲಿ ಹಾಡಿಹೊಗಳುವವರಿಗೆ ಆ ಪೆಟ್ಟಿಗೆ ಕಾಣುವುದಿಲ್ಲ.

ಆ ಗುಂಗುರು ಕೂದಲಿನ ವಿಚಾರಕ್ಕೆ ಬರೋಣ. ಅದು ಅಮ್ಮನ ಕೈಕೆಲಸ. ರಾತ್ರಿ ಮಲಗುವ ಮುಂಚೆ ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಬೆರಳಿಗೆ ಸುತ್ತಿ, ತಲೆಗೆ ಒತ್ತಿ ಪಿನ್ನು ಚುಚ್ಚುವುದು. ಬೆಳಗ್ಗೆ ಒಣಗಿದ ಮೇಲೆ ಪಿನ್ನು ತೆಗೆದು ತಿದ್ದುವುದು. ಲೆಕ್ಕ 56 ಸುರುಳಿ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದೇನು ತಾಯಿಯ ಗೀಳು ಎನ್ನಬೇಡಿ, ಇದರಲ್ಲಿ ಕಂಟಿನ್ಯುಟಿಯ ಲೆಕ್ಕವಿದೆ. ಸೋಮವಾರ ಬಾಗಿಲಾಚೆಯ ಶಾಟ್ ತೆಗೆದು, ಗುರುವಾರ ಒಳಗಿನದ್ದು ತೆಗೆದರೆ, ತೆರೆಯ ಮೇಲೆ ಎರಡರ ನಡುವೆ ಒಂದು ಸೆಕೆಂಡೂ ಇರುವುದಿಲ್ಲ. ಹಣೆಯ ಮೇಲಿನ ಒಂದು ಸುರುಳಿ ಎಡದಿಂದ ಬಲಕ್ಕೆ ಹಾರಿದರೂ ನೋಡುವವರ ಕಣ್ಣು ಎಡವುತ್ತದೆ. ಹಾಲುಹಲ್ಲು ಬೀಳತೊಡಗಿದಾಗಲೂ ಇದೇ ತಾಪತ್ರಯ. ಸಿನಿಮಾ ಅರ್ಧಕ್ಕೆ ಬಂದಾಗ ಮುಂದಿನ ಹಲ್ಲು ಬಿದ್ದರೆ ನಿರ್ಮಾಪಕ ಹೊಸದು ಹುಟ್ಟುವವರೆಗೆ ಕಾಯುತ್ತಾನೆಯೇ? ಸಂದು ಮುಚ್ಚಲು ದಂತವೈದ್ಯರು ಪುಟ್ಟ ಪ್ಲೇಟು, ಕ್ಯಾಪು ಮಾಡಿಕೊಟ್ಟರು.

ಸಂಭಾಷಣೆ ಕಲಿಸುವುದೂ ಅಮ್ಮನೇ, ಅದೂ ಮಲಗುವ ಹೊತ್ತಿಗೆ. ಶರ್ಲಿ ತನ್ನ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಬಿಡುತ್ತಿದ್ದಳು. ಸೆಟ್ಟಿನಲ್ಲಿ ಹಿರಿಯ ನಟರು ತಡವರಿಸಿದರೆ ಇವಳೇ ಹೇಳಿಕೊಡುವಳು. ಒಂದೇ ಟೇಕಿಗೆ ಓಕೆ ಆಗುವ ಹುಡುಗಿ ಎಂದು ಹೆಸರಾಯಿತು.

ಅವಳ ಕಸುಬಿನ ನೈಪುಣ್ಯ ನೋಡಬೇಕಾದರೆ 1935ರ 'ದಿ ಲಿಟ್ಲ್ ಕರ್ನಲ್' ಚಿತ್ರದ ಮೆಟ್ಟಿಲು ಕುಣಿತ ಸಾಕು. ಜೊತೆಗಾರ ಬಿಲ್ ರಾಬಿನ್ಸನ್, ಟ್ಯಾಪ್ ಡಾನ್ಸಿನ ಮಹಾನ್ ಕಲಾವಿದ, ಕಪ್ಪು ಜನಾಂಗದವರು. ಮರದ ಅಟ್ಟೆಯ ಬೂಟು ಹಾಕಿ ಮೆಟ್ಟಿಲು ಹತ್ತಿ ಇಳಿಯುತ್ತ ತಾಳ ನುಡಿಸುವುದು ಅವರ ಖಾಸಾ ವಿದ್ಯೆ. ಅದನ್ನು ಆರು ವರ್ಷದ ಮಗುವಿಗೆ ಕೆಲವೇ ದಿನಗಳಲ್ಲಿ ಹೇಳಿಕೊಡುವುದು ಹೇಗೆ? ದೊಡ್ಡವರ ಹೆಜ್ಜೆಗೆ ಕಟ್ಟಿದ ಮೆಟ್ಟಿಲು ಮಗುವಿನ ಮೀನಖಂಡದವರೆಗೆ ಬರುತ್ತದೆ. ಕಾಲೆತ್ತಿ ಇಡುವುದರಲ್ಲೇ ತಾಳ ತಪ್ಪುತ್ತದೆ. ರಾಬಿನ್ಸನ್ ಕಷ್ಟದ ಹೆಜ್ಜೆಗಳನ್ನೆಲ್ಲ ಬದಿಗಿಟ್ಟರು. ಮೆಟ್ಟಿಲಿನ ಎದುರು ಹಲಗೆ, ಅಂದರೆ ನೆಟ್ಟಗೆ ನಿಂತ ಮುಖ ಇರುತ್ತದಲ್ಲ, ಅದಕ್ಕೆ ಬೂಟಿನ ತುದಿಯಿಂದ 'ಟಕ್' ಎಂದು ಒದೆಯಲು ಹೇಳಿಕೊಟ್ಟರು. ಒದ್ದ ಸದ್ದೇ ಹೆಚ್ಚುವರಿ ಹೆಜ್ಜೆಯ ಸದ್ದಾಯಿತು. ಕಿವಿಗೆ ತಾಳ ತುಂಬಿತು, ಕಾಲಿಗೆ ಭಾರವಾಗಲಿಲ್ಲ. ಶಿಷ್ಯೆಯ ಅಳತೆಗೆ ವಿದ್ಯೆಯನ್ನು ಕತ್ತರಿಸಿಯೂ ವಿದ್ಯೆ ಕುಂದದ ಹಾಗೆ ನೋಡಿಕೊಳ್ಳುವ ಮೇಷ್ಟ್ರು ಸಿಗುವುದು ಪುಣ್ಯ. ಬಿಳಿಯ ಹುಡುಗಿ, ಕಪ್ಪು ಜನಾಂಗದ ಗಂಡಸು ಕೈ ಹಿಡಿದು ಕುಣಿದದ್ದು ಹಾಲಿವುಡ್ಡಿನಲ್ಲಿ ಅದೇ ಮೊದಲು ಎನ್ನುತ್ತಾರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದನ್ನು ಸಹಿಸದವರಿದ್ದ ಕಾಲ ಅದು.

1935ರ ಫೆಬ್ರವರಿಯಲ್ಲಿ ಆರು ವರ್ಷದ ಶರ್ಲಿಗೆ ಪುಟ್ಟ ಆಸ್ಕರ್ ಕೊಟ್ಟರು. 1935ರಿಂದ 1938ರವರೆಗೆ, ನಾಲ್ಕು ವರ್ಷ ಸತತವಾಗಿ, ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಅವಳೇ ಮೊದಲು. ಫಾಕ್ಸ್ ಸ್ಟುಡಿಯೋ ಒಪ್ಪಂದ ವಾರಕ್ಕೆ 150 ಡಾಲರಿನಿಂದ ಶುರುವಾಗಿ, 1934ರ ಜುಲೈಗೆ 1,000 ಡಾಲರಿಗೆ ಏರಿತ್ತು. ಅಮ್ಮನಿಗೆ ಬೇರೆ 250. ಜೊತೆಗೆ ಸ್ಟುಡಿಯೋ ಅವಳ ವಯಸ್ಸಿನಲ್ಲಿ ಒಂದು ವರ್ಷ ಕಳೆದುಬಿಟ್ಟಿತ್ತು. ತನಗೆ ಹನ್ನೆರಡು ಎಂದುಕೊಂಡಿದ್ದ ಹುಟ್ಟುಹಬ್ಬದಂದು, ಅಲ್ಲ, ಹದಿಮೂರು ಎಂದು ಅವಳಿಗೆ ತಿಳಿಯಿತು.

1940ರಲ್ಲಿ ಚಿತ್ರಗಳು ಸೋತವು, ಫಾಕ್ಸ್ ನಂಟು ಮುಗಿಯಿತು. ಬೇರೆ ಕಡೆ ಒಂದಿಷ್ಟು ಸಿನಿಮಾ, ಶಾಲೆ, ಹದಿನೇಳಕ್ಕೆ ಮದುವೆ, ವಿಚ್ಛೇದನ. 1950ರಲ್ಲಿ ಎರಡನೇ ಮದುವೆಯ ಹೊತ್ತಿಗೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ದುಡಿದದ್ದು 32 ಲಕ್ಷ ಡಾಲರಿಗೂ ಹೆಚ್ಚು, ಉಳಿದದ್ದು 44 ಸಾವಿರ. ಅಪ್ಪ ಬ್ಯಾಂಕಿನವರು ಎಂದೆನಲ್ಲ. ಸಂಸಾರವೆಲ್ಲ ನಡೆದದ್ದು ಮಗಳ ಗಳಿಕೆಯಲ್ಲಿ. ಟ್ರಸ್ಟಿಗೆ ಕಟ್ಟಿ ಎಂದು ಕೋರ್ಟು ಹೇಳಿದ್ದ ಹಣವನ್ನೂ ಕಟ್ಟಿರಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. ಚಾಪ್ಲಿನ್ ಜೊತೆ ನಟಿಸಿದ್ದ ಜಾಕಿ ಕೂಗನ್ ಎಂಬ ಹುಡುಗ ದೊಡ್ಡವನಾದ ಮೇಲೆ, 1938ರಲ್ಲಿ, ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಲಕ್ಷಾಂತರ ಡಾಲರ್ ದುಡಿದವನ ಕೈಗೆ ಬಂದದ್ದು 1,26,000. ಆ ಗದ್ದಲದಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೂಗನ್ ಕಾಯ್ದೆ ಬಂತು. ಆದರೆ ಅದು ಅನ್ವಯವಾಗುತ್ತಿದ್ದುದು ಕೋರ್ಟು ಒಪ್ಪಿದ ಕರಾರುಗಳಿಗೆ ಮಾತ್ರ. ಉಳಿದವು ನುಸುಳಿಹೋಗುತ್ತಿದ್ದವು. 2000ನೇ ಇಸವಿಯ ತಿದ್ದುಪಡಿ ಬಂದ ಮೇಲೆಯೇ ಮಗುವಿನ ಸಂಪಾದನೆ ಮಗುವಿನದೇ ಸ್ವತ್ತಾಯಿತು, ಅದರಲ್ಲಿ ಶೇ. 15 ಕಡ್ಡಾಯವಾಗಿ ತೆಗೆದಿಡಬೇಕಾಯಿತು.

ಶರ್ಲಿ ಅಪ್ಪನ ಮೇಲೆ ದಾವೆ ಹೂಡಲಿಲ್ಲ. ಮುಂದೆ 1969ರಲ್ಲಿ ವಿಶ್ವಸಂಸ್ಥೆಯ ಅಮೆರಿಕದ ನಿಯೋಗದಲ್ಲಿ ಕೆಲಸ ಮಾಡಿದರು. 1974ರಿಂದ 76ರವರೆಗೆ ಘಾನಾಕ್ಕೆ, 1989ರಿಂದ 92ರವರೆಗೆ ಚೆಕೊಸ್ಲೊವಾಕಿಯಾಕ್ಕೆ ರಾಯಭಾರಿ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರಕ್ಕೆ ನುಗ್ಗಿದಾಗ ಅವರು ಅಲ್ಲೇ ಇದ್ದರು. ಅದೇ ನಗರದಲ್ಲಿ 1989ರ ನವೆಂಬರಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ಆಡಳಿತ ಉರುಳಿದ್ದನ್ನೂ ಕಂಡರು. 1972ರಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡದೆ ಹೇಳಿಕೊಂಡರು. ಅದನ್ನು ಪಿಸುಗುಟ್ಟುತ್ತಿದ್ದ ಕಾಲದಲ್ಲಿ ಇದು ಆಸ್ಕರಿಗಿಂತ ದೊಡ್ಡ ಕೆಲಸ ಎಂಬುದು ನನ್ನ ಎಣಿಕೆ. 2014ರ ಫೆಬ್ರವರಿ 10ರಂದು ತೀರಿಕೊಂಡರು.

ಇನ್ನು ನಮ್ಮ ಬೆಂಗಳೂರಿನ ಮಾತು. ಸೀರಿಯಲ್ಲು, ಜಾಹೀರಾತು, ರಿಯಾಲಿಟಿ ಶೋ ಎಂದು ಮಕ್ಕಳನ್ನು ಕರೆದೊಯ್ಯುವ ಅಪ್ಪ ಅಮ್ಮಂದಿರು 2017ರ ಬಾಲಕಾರ್ಮಿಕ ತಿದ್ದುಪಡಿ ನಿಯಮಗಳನ್ನು ತಿಳಿದಿರಲೇಬೇಕು. ಹದಿನಾಲ್ಕು ತುಂಬದ ಮಗುವಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಒಂದೇ ಸಮನೆ 27 ದಿನ ದಾಟುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರಿರಬೇಕು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ನಿರ್ಮಾಪಕರೇ ಅನುಮತಿ ಪಡೆದು, 'ನಮೂನೆ ಸಿ'ಯಲ್ಲಿ ಮುಚ್ಚಳಿಕೆ ಕೊಡಬೇಕು. ಇಲ್ಲಿ ಎಡವಟ್ಟು ಆಗುವುದು ಹೀಗೆ: ಬೆಂಗಳೂರಿಗೆಂದು ತೆಗೆದುಕೊಂಡ ಅನುಮತಿಯನ್ನೇ ಹಿಡಿದು ಯೂನಿಟ್ ಸಕಲೇಶಪುರಕ್ಕೆ ಹೊರಡುತ್ತದೆ. ಅದು ಹಾಸನ ಜಿಲ್ಲೆ, ಅಲ್ಲಿಯ ಅನುಮತಿ ಬೇರೆಯೇ ಬೇಕು.

ಹಣದ ವಿಷಯದಲ್ಲಿ, ಮಗುವಿನ ಸಂಪಾದನೆಯ ಕನಿಷ್ಠ ಶೇ. 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಎಫ್‌ಡಿಗೆ ನೇರವಾಗಿ ಹೋಗಬೇಕು. ದಿನಕ್ಕೆ 3,000 ರೂಪಾಯಿಯಂತೆ 20 ದಿನ ಅಂದುಕೊಳ್ಳಿ, 60,000 ಆಯಿತು. ಎಫ್‌ಡಿ 12,000. ಕೋಆರ್ಡಿನೇಟರ್ ತನ್ನ ಕಮಿಷನ್ ಮುರಿದುಕೊಂಡು 45,000 ಕೈಗಿತ್ತು, ಅದರ ಮೇಲೆ ಶೇ. 20 ಎಂದು 9,000 ಇಡಿಸಿದರೆ ಒಪ್ಪಬೇಡಿ. ಪೇಮೆಂಟ್ ನಗದಿನಲ್ಲಿ ಬಂದರಂತೂ ಆ ಲೆಕ್ಕಕ್ಕೆ ತಲೆಬುಡವಿರುವುದಿಲ್ಲ. ಮಗುವಿನ ಹೆಸರಿಗೇ ಪ್ಯಾನ್ ಕಾರ್ಡ್ ಮಾಡಿಸಿ, ಏಕೆಂದರೆ ಮಗು ತನ್ನ ಪ್ರತಿಭೆಯಿಂದ ದುಡಿದದ್ದು ಅಪ್ಪ ಅಮ್ಮನ ಆದಾಯಕ್ಕೆ ಸೇರುವುದಿಲ್ಲ. ಎಫ್‌ಡಿ ರಸೀದಿಯ ಪ್ರತಿ ಕೇಳಿ ಪಡೆದು, ಹೆಸರು, ಹುಟ್ಟಿದ ತಾರೀಖು ಎರಡನ್ನೂ ಅಲ್ಲೇ ನೋಡಿಕೊಳ್ಳಿ. ಉಳಿದ ಶೇ. 80ರ ಬಗ್ಗೆ ಆ ನಿಯಮ ಬಾಯಿಬಿಡುವುದಿಲ್ಲ. ಶರ್ಲಿಯ ಹಣ ಕರಗಿದ್ದೂ ಮನೆಯೊಳಗೇ.

ಮಗುವಿಗೆ 18 ತುಂಬಿದ ಮೇಲೆ ಬ್ಯಾಂಕಿನವರು ಹೊಸ ಅರ್ಜಿ, ಹೊಸ ಫೋಟೋ, ಮಾದರಿ ಸಹಿ ಕೇಳುತ್ತಾರೆ. ಆ ಸಹಿ ಮಗ ಅಥವಾ ಮಗಳೇ ಹಾಕಬೇಕು. ಅಲ್ಲಿಂದ ಮುಂದೆ ಆ ಖಾತೆಯಲ್ಲಿ ಅಪ್ಪನ ಸಹಿ ನಡೆಯುವುದಿಲ್ಲ.

ನಮಸ್ಕಾರ.